ಕ್ಷುದ್ರಗ್ರಹಕ್ಕೆ ಚೆನ್ನಮ್ಮನ ಹೆಸರು: ಪ್ರಮಾಣಪತ್ರ ಬಂತು, ಮುಂದೇನು?

ಘಟಪ್ರಭಾ ದಂಡೆ (ಗೋಕಾಕ)
ನಮ್ಮ ತಾಲೂಕಿನ ಹೈಸ್ಕೂಲ್ ತಂಡವೊಂದು ಐಎಎಸ್‌ಸಿ (ಶಾಲಿ ಹುಡುಗರಿಂದ ಕ್ಷುದ್ರಗ್ರಹ ಹುಡುಕಿಸೂ ಅಂತರರಾಷ್ಟ್ರೀಯ ಕೂಟ) ಅಭಿಯಾನದಾಗ ಭಾಗವಹಿಸಿತ್ತು. ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕದ ಚಿತ್ರ, ಅಸ್ಟ್ರೊಮೆಟ್ರಿಕಾ ತಂತ್ರಾಂಶ. ಮೂರು ಚುಕ್ಕಿ ಅಳದು ಕಳಿಸಿದ್ರು, ಅದರಾಗ ಒಂದಕ್ಕ ‘ಪ್ರಾಥಮಿಕ ಪತ್ತೆ’ ಅಂತ ಪ್ರಮಾಣಪತ್ರ ಬಂದೈತಿ. ಈಗ ಊರ ತುಂಬ ಒಂದ ಮಾತು: ‘ಹುಡುಗ್ಯಾರು ಹೊಸಾ ಗ್ರಹ ಕಂಡುಹಿಡಿದಾರ, ಕಿತ್ತೂರು ಚೆನ್ನಮ್ಮನ ಹೆಸರು ಇಡ್ತಾರಂತ.’ ಬ್ಯಾನರ್ ಪ್ರಿಂಟಿಗೆ ಹೊಂಟೈತಿ.

ಕೇಳೂದು ಇಷ್ಟ. ಇದು ಶೋಧ ಹೌದೋ ಅಲ್ಲೋ? ಹೆಸರು ಇಡಾಕ ಏನೇನು ಆಗಬೇಕು? ನಮ್ಮ ಕಡೆ ಇರೂ 8 ಇಂಚಿನ ದುರ್ಬೀನಿನಿಂದ ಏನರ ಉಪಯೋಗ ಆಕ್ಕೈತೇನು?

ಅಳತಿ: ನಾಲ್ಕೂ ಚಿತ್ರದಾಗ ಕಂಡೈತಿ, ವೇಗ ತಾಸಿಗೆ 34 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದ್ರ ಡಿಗ್ರಿಯ 3600ನೇ ಭಾಗ), ಪಶ್ಚಿಮಕ್ಕ ಸರಿತೈತಿ (ದಿಕ್ಕೋನ, ಅಂದ್ರ ಉತ್ತರದಿಂದ ಪೂರ್ವದ ಕಡೆ ಎಣಿಸಿದ ಕೋನ, 285 ಡಿಗ್ರಿ), ಹೊಳಪು 20.4 ಮ್ಯಾಗ್ನಿಟ್ಯೂಡ್ (ಅಂಕಿ ಹೆಚ್ಚಾದಷ್ಟೂ ಮಂಕು). ಸೂರ್ಯನ ನೇರ ಎದುರಿನ ಆಕಾಶದ ಚಿತ್ರ ಇದು.

ಗುಮ್ಮಟದ ಗೂಗೆ (ವಿಜಯಪುರ)
ಮೊದಲು ಬ್ಯಾನರ್ ತಡೆಯಿರಿ. ಉಳಿದದ್ದು ನಿಧಾನವಾಗಿ ನೋಡೋಣ.

‘ಪ್ರಾಥಮಿಕ ಪತ್ತೆ’ ಎಂದರೆ ಒಂದು ರಾತ್ರಿಯ ನಾಲ್ಕು ಚಿತ್ರಗಳಲ್ಲಿ ಸರಳರೇಖೆಯಲ್ಲಿ, ಸಮವೇಗದಲ್ಲಿ ಸರಿದ ಚುಕ್ಕಿಯೊಂದನ್ನು ಅಳೆದು ಕಳಿಸಲಾಗಿದೆ, ಆ ಹೊತ್ತಿಗೆ ಅದು ಗೊತ್ತಿದ್ದ ಯಾವ ಕಾಯಕ್ಕೂ ಹೊಂದಿಲ್ಲ ಎಂದಷ್ಟೇ ಅರ್ಥ. ಇಂಥ ಒಂದು ರಾತ್ರಿಯ ಸಾಲಿಗೆ ‘ಟ್ರ್ಯಾಕ್ಲೆಟ್’ ಎನ್ನುತ್ತಾರೆ. ಜೊತೆಗೆ ಎರಡನೆಯ ರಾತ್ರಿಯ ಅಳತೆ ಸೇರದಿದ್ದರೆ ಅದು ಮೈನರ್ ಪ್ಲಾನೆಟ್ ಸೆಂಟರ್‌ನ (ಕ್ಷುದ್ರಗ್ರಹಗಳ ಅಳತೆ ಕೂಡಿಸುವ ಜಾಗತಿಕ ಕೇಂದ್ರ) ‘ಒಂಟಿ ಟ್ರ್ಯಾಕ್ಲೆಟ್’ ಕಡತದಲ್ಲಿ ಬಿದ್ದಿರುತ್ತದೆ. ಅಲ್ಲಿ ಅದಕ್ಕೆ ಹೆಸರೂ ಇಲ್ಲ, ಸಂಖ್ಯೆಯೂ ಇಲ್ಲ.

ಎರಡನೆಯ ರಾತ್ರಿ ಸಿಕ್ಕಿ, ಎರಡೂ ಒಂದೇ ಕಾಯದವು ಎಂದು ಹೊಂದಿದರೆ ತಾತ್ಕಾಲಿಕ ಗುರುತು ಸಿಗುತ್ತದೆ. ಆಮೇಲೆ ವರ್ಷಗಟ್ಟಲೆ ಅಳತೆ ಕೂಡಿ ಕಕ್ಷೆ ಗಟ್ಟಿಯಾದರೆ ಶಾಶ್ವತ ಸಂಖ್ಯೆ. ಹೆಸರಿನ ಮಾತು ಸಂಖ್ಯೆ ಬಂದ ಮೇಲೆಯೇ.

ಇನ್ನೊಂದು ಸೂಕ್ಷ್ಮವಿದೆ. ಶೋಧಕರು ಯಾರೆಂದು ತೀರ್ಮಾನವಾಗುವುದೂ ಸಂಖ್ಯೆ ಕೊಡುವಾಗಲೇ. 2010ರಿಂದ ಇರುವ ನಿಯಮ ಹೀಗಿದೆ: ಎರಡನೆಯ ರಾತ್ರಿಯ ಅಳತೆ ಎಲ್ಲಕ್ಕಿಂತ ಮೊದಲು ವರದಿಯಾದದ್ದು ಯಾವ ಸುತ್ತಿನಲ್ಲೋ ಆ ಸುತ್ತನ್ನು ಹಿಡಿಯುತ್ತಾರೆ (ಸುತ್ತು ಎಂದರೆ ಕಾಯ ಒಮ್ಮೆ ಸೂರ್ಯನ ಎದುರು ಬಂದು ಕಾಣುವ ಅವಧಿ). ಅದೇ ಸುತ್ತಿನಲ್ಲಿ ಮೊಟ್ಟಮೊದಲು ವರದಿಯಾದ ಅಳತೆ ಯಾರದ್ದೋ ಅವರೇ ಶೋಧಕರು. ಒಂಟಿ ರಾತ್ರಿಯ ಹಳೆಯ ಅಳತೆ ಆಮೇಲೆ ಸಿಕ್ಕರೆ ಕಕ್ಷೆಗೆ ಉಪಕಾರ, ಶ್ರೇಯ ಮಾತ್ರ ಬದಲಾಗುವುದಿಲ್ಲ.

ಡೋಣಿ ಸಾಲು
ಅಂದ್ರ ಮೊದಲ ರಾತ್ರಿ ನೋಡಿದಾವಂಗ ಬೆಲೆ ಇಲ್ಲೇನ್ರಿ?

ಗುಮ್ಮಟದ ಗೂಗೆ
ಇದೆ. ಎರಡನೆಯ ರಾತ್ರಿ ಅದೇ ಸುತ್ತಿನಲ್ಲಿ ಬಂದರೆ ಮಾತ್ರ.

ಕಕ್ಷೆಗಣಿತ (ಬೆಳಗಾವಿ)
ಕೊಟ್ಟಿರುವ ಅಂಕಿಯಿಂದಲೇ ಒಂದಿಷ್ಟು ಹೇಳಬಹುದು.

ಸೂರ್ಯನ ನೇರ ಎದುರಿರುವಾಗ ಕ್ಷುದ್ರಗ್ರಹ ಪಶ್ಚಿಮಕ್ಕೆ ಸರಿದಂತೆ ಕಾಣುವುದು ನಾವು ಅದನ್ನು ಹಿಂದೆ ಹಾಕಿ ಹೋಗುವುದರಿಂದ. ಪಂಚಾಂಗದವರು ‘ಶನಿ ವಕ್ರಿ’ ಎನ್ನುತ್ತಾರಲ್ಲ, ಅದೇ ವಕ್ರಗತಿ. ಭೂಮಿಯ ವೇಗ ಸೆಕೆಂಡಿಗೆ 29.8 ಕಿಮೀ. ಸೂರ್ಯನಿಂದ 2.7 ಖಗೋಳಮಾನ (ಒಂದು ಖಗೋಳಮಾನ ಎಂದರೆ ಸೂರ್ಯ-ಭೂಮಿ ಅಂತರ) ದೂರದ ವೃತ್ತಕಕ್ಷೆಯಲ್ಲಿ ವೇಗ 18.1 ಕಿಮೀ. ವ್ಯತ್ಯಾಸ 11.7. ಅದನ್ನು 1.7 ಖಗೋಳಮಾನ ಅಂತರದಿಂದ ನೋಡಿದರೆ ತಾಸಿಗೆ 34 ಆರ್ಕ್‌ಸೆಕೆಂಡ್ ಬರುತ್ತದೆ. ಇದೇ ಲೆಕ್ಕದಲ್ಲಿ ಮಂಗಳ-ಗುರುಗಳ ನಡುವಿನ ಕ್ಷುದ್ರಗ್ರಹಗಳ ಮುಖ್ಯ ಪಟ್ಟಿಯ ಒಳ ಅಂಚು (2.1) ತಾಸಿಗೆ ಸುಮಾರು 42, ಹೊರ ಅಂಚಿನ ಹತ್ತಿರ (3.2) ಸುಮಾರು 30, ಗುರುವಿನ ಕಕ್ಷೆಯಲ್ಲೇ ಸುತ್ತುವ ಟ್ರೋಜನ್‌ಗಳು ಸುಮಾರು 20. ಹಾಗಾಗಿ ನಿಮ್ಮದು ಮುಖ್ಯ ಪಟ್ಟಿಯದ್ದೇ ಇರಬೇಕು. ಇದು ವೃತ್ತಕಕ್ಷೆ ಎಂದು ಹಿಡಿದ ಅಂದಾಜು. ಕಕ್ಷೆ ಉದ್ದುದ್ದ ಇದ್ದರೆ ಅಂಕಿ ಸರಿಯುತ್ತದೆ.

ಗಾತ್ರ: ಹೊಳಪು 20.4ರಿಂದ ದೂರದ ಲೆಕ್ಕ ಕಳೆದರೆ (2.7×1.7 = 4.59; 5 ಗುಣಿಸು ಲಾಗ್ 4.59, ಅಂದರೆ 3.3) ನಿಜಹೊಳಪು ‘ಎಚ್’ 17.1. ವ್ಯಾಸ ಬೇಕಿದ್ದರೆ 1329ನ್ನು ಪ್ರತಿಫಲನಾಂಶದ ವರ್ಗಮೂಲದಿಂದ ಭಾಗಿಸಿ, ಬಂದದ್ದನ್ನು 10ರ ಘಾತ ಮೈನಸ್ ಎಚ್/5ರಿಂದ ಗುಣಿಸಿ. ಇದ್ದಿಲಿನಂಥ ಕಪ್ಪು ಕಲ್ಲಾದರೆ (0.05) ಸುಮಾರು 2.3 ಕಿಮೀ, ತಿಳಿ ಕಲ್ಲಾದರೆ (0.25) 1 ಕಿಮೀ. ನಮ್ಮೂರ ಕೆರೆಯಷ್ಟು ದೊಡ್ಡ ಬಂಡೆ. ‘ಹೊಸ ಗ್ರಹ’ ಎಂದು ಬ್ಯಾನರ್‌ನಲ್ಲಿ ಹಾಕಬೇಡಿ ಅನ್ನುವುದಕ್ಕೆ ಇದೊಂದೇ ಸಾಕು.

ಡೋಣಿ ಸಾಲು
ನಾಲ್ಕು ಚಿತ್ರ ಅದಾವಲ್ಲ, ಗೌಸ್ ಮೂರ ಅಳತಿಂದ ಕಕ್ಷೆ ತಗದಾನ ಅಂತಾರ. ನಾಲ್ಕರಿಂದ ಯಾಕ ಬರೂದಿಲ್ಲ?

ಕಕ್ಷೆಗಣಿತ
ಒಳ್ಳೆ ಪ್ರಶ್ನೆ. ಕಕ್ಷೆಗೆ ಆರು ಅಂಕಿ ಬೇಕು: ಅರೆ ದೀರ್ಘಾಕ್ಷ (ಕಕ್ಷೆಯ ಉದ್ದದ ಅರ್ಧ), ಉತ್ಕೇಂದ್ರತೆ (ಕಕ್ಷೆ ಎಷ್ಟು ಉದ್ದುದ್ದ), ಭೂಕಕ್ಷೆಯ ಸಮತಲಕ್ಕೆ ಎಷ್ಟು ಓರೆ, ಆರೋಹಣ ಪಾತದ ದಿಕ್ಕು, ಸೂರ್ಯನಿಗೆ ಹತ್ತಿರದ ಬಿಂದುವಿನ ದಿಕ್ಕು, ಒಂದು ನಿಗದಿತ ಹೊತ್ತಿಗೆ ಕಾಯ ಕಕ್ಷೆಯಲ್ಲಿ ಎಲ್ಲಿದೆ ಎಂಬುದು. (ಪಾತ ಎಂದರೆ ಕಕ್ಷೆ ಭೂಕಕ್ಷೆಯ ಸಮತಲವನ್ನು ದಾಟುವ ಜಾಗ. ಚಂದ್ರನ ಆರೋಹಣ ಪಾತವನ್ನೇ ನಾವು ರಾಹು ಅನ್ನುವುದು. ಪ್ರತಿ ಕ್ಷುದ್ರಗ್ರಹಕ್ಕೂ ಅದರದ್ದೇ ರಾಹು ಕೇತು ಇದ್ದಾರೆ, ಯಾರಿಗೂ ಕಾಟ ಕೊಡುವುದಿಲ್ಲ.)

ಒಂದು ರಾತ್ರಿಯ ಮುಕ್ಕಾಲು ತಾಸಿನ ಸಾಲಿನಲ್ಲಿ ನಾಲ್ಕಲ್ಲ, ನಲವತ್ತು ಚಿತ್ರ ಇದ್ದರೂ ಕೈಗೆ ಬರುವುದು ನಾಲ್ಕೇ ಅಂಕಿ. ಆಕಾಶದಲ್ಲಿ ಸ್ಥಾನಕ್ಕೆ ಎರಡು, ಸರಿಯುವ ವೇಗಕ್ಕೆ ಎರಡು. ದೂರ ಗೊತ್ತಾಗಬೇಕಾದರೆ ಹಾದಿ ಎಷ್ಟು ಬಾಗುತ್ತದೆ ಎಂದು ಕಾಣಬೇಕು. ಮುಕ್ಕಾಲು ತಾಸಿನಲ್ಲಿ ಆ ಬಾಗು ಅಳತೆಯ ದೋಷದೊಳಗೇ ಮುಳುಗಿಹೋಗುತ್ತದೆ. ಗೌಸ್ ಕೈಯಲ್ಲಿದ್ದದ್ದು 41 ದಿನದ ಹಾದಿ: ಪಿಯಾಜಿ ಪಲೆರ್ಮೊದಲ್ಲಿ 1801ರ ಜನವರಿ 1ರಿಂದ ಫೆಬ್ರವರಿ 11ರವರೆಗೆ ಸೆರೆಸ್ ನೋಡಿದ್ದ. ಆ ಲೆಕ್ಕದ ಮೇಲೆಯೇ ಡಿಸೆಂಬರ್ 31ಕ್ಕೆ ಫಾನ್ ಜಾಕ್‌ಗೆ ಸೆರೆಸ್ ಮತ್ತೆ ಸಿಕ್ಕಿತು.

ಕಕ್ಷೆ ಲೆಕ್ಕದ ತಂತ್ರಾಂಶ ಫೈಂಡ್-ಆರ್ಬ್‌ಗೆ ಒಂದೇ ರಾತ್ರಿಯ ಅಳತೆ ಹಾಕಿದರೂ ಅದು ಚೆಂದದ ಕಕ್ಷೆ ಬರೆದು ಕೊಡುತ್ತದೆ. ನಂಬಬೇಡಿ. ಕಾಯ ಈಗ ಸೂರ್ಯನಿಗೆ ಅತಿ ಹತ್ತಿರದ ಬಿಂದುವಿನಲ್ಲಿದೆ ಎಂದು ಊಹಿಸಿಕೊಂಡು ಬಿಡಿಸುವ ವೈಸಾಲಾ ವಿಧಾನವೊಂದಿದೆ. ಎರಡು ಮೂರು ರಾತ್ರಿಯೊಳಗೆ ಮತ್ತೆ ಎಲ್ಲಿ ಹುಡುಕಬೇಕು ಎಂದು ತಿಳಿಯಲು ಅದು ಸಾಕು, ಮುಂದಿನ ವರ್ಷಕ್ಕೆ ಪ್ರಯೋಜನವಿಲ್ಲ.

ಐಹೊಳೆ ಮೆಟ್ಟಿಲು (ಹುನಗುಂದ)
ಮಧ್ಯೆ ಬಾಯಿ ಹಾಕುತ್ತೇನೆ. ಅದು ನಿಜವಾದ ಚುಕ್ಕಿಯೇ ಎಂದು ಮೊದಲು ನೋಡಿಕೊಂಡಿರಾ? ಅಸ್ಟ್ರೊಮೆಟ್ರಿಕಾದಲ್ಲಿ ಮೋಸ ಹೋಗುವ ಜಾಗ ಮೂರಿವೆ.

ಸಂಸೂಚಕದ ಬಿಸಿ ಪಿಕ್ಸೆಲ್ ಮೊದಲನೆಯದು. ಚಿತ್ರಗಳ ನಡುವೆ ದೂರದರ್ಶಕ ಚೂರು ಸರಿದಿದ್ದರೆ, ನಕ್ಷತ್ರಗಳನ್ನು ಹೊಂದಿಸಿ ಬ್ಲಿಂಕ್ ಮಾಡುವಾಗ (ಚಿತ್ರಗಳನ್ನು ಒಂದರ ಹಿಂದೊಂದು ಮಿನುಗಿಸಿ ನೋಡುವಾಗ) ಕೆಟ್ಟ ಪಿಕ್ಸೆಲ್ಲೇ ಓಡಿದಂತೆ ಕಾಣುತ್ತದೆ. ಗುರುತಿಸುವುದು ಸುಲಭ: ಚುಕ್ಕಿಯ ಅಗಲ ಪಕ್ಕದ ನಕ್ಷತ್ರಗಳ ಅಗಲಕ್ಕಿಂತ ತೀರಾ ಕಡಿಮೆ ಇರುತ್ತದೆ. ಎರಡನೆಯದು ಗದ್ದಲ. ಸಂಕೇತ-ಗದ್ದಲ ಅನುಪಾತ 5ರ ಕೆಳಗಿದ್ದರೆ ಕಣ್ಣು ತನಗೆ ಬೇಕಾದ್ದನ್ನು ಕಾಣುತ್ತದೆ, ಅದರಲ್ಲೂ ಹದಿನಾರರ ವಯಸ್ಸಿನ ಉತ್ಸಾಹಿ ಕಣ್ಣು. ನಾಲ್ಕರಲ್ಲಿ ಮೂರು ಚಿತ್ರದಲ್ಲಾದರೂ ಸ್ಪಷ್ಟವಾಗಿರಬೇಕು, ಹೊಳಪು ಒಂದರಿಂದ ಇನ್ನೊಂದಕ್ಕೆ ಅರ್ಧ ಮ್ಯಾಗ್ನಿಟ್ಯೂಡ್‌ಗಿಂತ ಹೆಚ್ಚು ಜಿಗಿದರೆ ಅನುಮಾನಿಸಿ. ಮೂರನೆಯದು ಹಳೆಯ ಪಟ್ಟಿ. ಗೊತ್ತಿರುವ ಕಾಯಗಳ ಕಕ್ಷೆಪಟ್ಟಿಯಾದ ಎಂಪಿಸಿಆರ್ಬ್ ಕಡತವನ್ನು ಅದೇ ದಿನ ಹೊಸದಾಗಿ ಇಳಿಸಿಕೊಳ್ಳದಿದ್ದರೆ, ಎಲ್ಲರಿಗೂ ಗೊತ್ತಿರುವ ಕಾಯವೂ ನಿಮ್ಮ ಪರದೆಯಲ್ಲಿ ‘ಹೊಸದು’.

ವೇಗ, ದಿಕ್ಕು ಎರಡೂ ಸರಿ ಇವೆ. ಎದುರು ಬಿಂದುವಿನಲ್ಲಿ ದಿಕ್ಕೋನ 270ರ ಆಚೀಚೆ 25 ಡಿಗ್ರಿಯೊಳಗೆ ಬರುತ್ತದೆ, ನಿಮ್ಮ 285 ಅದರೊಳಗಿದೆ.

ಘಟಪ್ರಭಾ ದಂಡೆ
ನಾಲ್ಕೂ ಚಿತ್ರದಾಗ ಅನುಪಾತ 7ರ ಮ್ಯಾಲ ಐತ್ರಿ, ಅಗಲನೂ ನಕ್ಷತ್ರದಷ್ಟ. ಬ್ಯಾನರ್ ನಿಲ್ಲಿಸೀವಿ. ಈಗ ಹೆಸರಿನ ನಿಯಮ ಹೇಳ್ರಿ, ಊರವರಿಗೆ ಏನರ ಉತ್ತರ ಕೊಡಬೇಕಲ್ಲ.

ಮಲಪ್ರಭೆ (ಸವದತ್ತಿ)
ಹೆಸರು ಒಪ್ಪುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಣ್ಣ ಕಾಯಗಳ ನಾಮಕರಣ ಸಮಿತಿ. ಸಂಖ್ಯೆ ಬಂದ ಮೇಲೆ ಹತ್ತು ವರ್ಷ ಹೆಸರು ಸೂಚಿಸುವ ಹಕ್ಕು ಶೋಧಕರದ್ದು. ಒಬ್ಬ ಶೋಧಕರಿಂದ ಎರಡು ತಿಂಗಳಿಗೆ ಎರಡೇ ಹೆಸರು. ರೋಮನ್ ಲಿಪಿಯಲ್ಲಿ, ಖಾಲಿ ಜಾಗವೂ ಸೇರಿ, 16 ಅಕ್ಷರ ಮೀರಬಾರದು. ಒಂದೇ ಪದವಾದರೆ ಒಳ್ಳೆಯದು, ಉಚ್ಚರಿಸಲು ಬರಬೇಕು, ಈಗಾಗಲೇ ಇರುವ ಹೆಸರನ್ನು ಹೋಲಬಾರದು. ವ್ಯಾಪಾರದ ಹೆಸರು ನಡೆಯದು, ಸಾಕುನಾಯಿ ಬೆಕ್ಕಿನ ಹೆಸರಿಗೂ ಪ್ರೋತ್ಸಾಹವಿಲ್ಲ. ರಾಜಕೀಯ ಅಥವಾ ಸೇನೆಯಿಂದ ಹೆಸರಾದವರಿಗೆ ತೀರಿಕೊಂಡು 100 ವರ್ಷ ಆಗಿರಬೇಕು.

ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ನೂರು ವರ್ಷದ ನಿಯಮ ಆರಾಮಾಗಿ ದಾಟುತ್ತದೆ. ಅಕ್ಷರ ಲೆಕ್ಕ ಹಾಕಿ: ‘ಕಿತ್ತೂರ್’ 6, ಖಾಲಿ 1, ‘ಚೆನ್ನಮ್ಮ’ 9. ಸರಿಯಾಗಿ 16. ಆದರೆ ನಾವು ಬರೆಯುವ ಹಾಗೆ ‘ಕಿತ್ತೂರು’ ಎಂದು ಕೊನೆಗೆ ಉಕಾರ ಹಾಕಿದಿರೋ 17, ಅರ್ಜಿ ವಾಪಸ್. ‘ಕಿತ್ತೂರು ರಾಣಿ ಚೆನ್ನಮ್ಮ’ ದೂರದ ಮಾತು. ‘ರಾಣಿ ಚೆನ್ನಮ್ಮ’ 14ಕ್ಕೆ ಮುಗಿಯುತ್ತದೆ.

ಡೋಣಿ ಸಾಲು
ಸಂಗೊಳ್ಳಿ ರಾಯಣ್ಣ?

ಮಲಪ್ರಭೆ
8, 1, 7. ಅದೂ 16! ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ, ಆ ನಿಯಮವೂ ಸರಿ. ಒಡತಿ, ಬಂಟ ಇಬ್ಬರೂ ಒಂದೇ ಅಳತೆಯಲ್ಲಿ ಬಾಗಿಲಿನೊಳಗೆ ಹಿಡಿಸುತ್ತಾರೆ.

ಹಾಡುಗಾರರಿಗೆ ನೂರು ವರ್ಷದ ಅಡ್ಡಿ ಇಲ್ಲ. ಪಂಡಿತ್ ಜಸರಾಜ್ ಬದುಕಿದ್ದಾಗಲೇ 2019ರಲ್ಲಿ 300128ನೆಯ ಕ್ಷುದ್ರಗ್ರಹಕ್ಕೆ ಅವರ ಹೆಸರು ಬಂತು, ‘ಪಂಡಿತ್‌ಜಸರಾಜ್’ ಎಂದು ಕೂಡಿಸಿ ಒಂದೇ ಪದವಾಗಿ. ಆ ಲೆಕ್ಕದಲ್ಲಿ ನಮ್ಮ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹೆಸರು ಕೂಡಿಸಿ ಬರೆದರೆ 14. ಊರಿನ ಹೆಸರಿಗೂ ತಡೆಯಿಲ್ಲ: ಉಕಾರ ಬಿಟ್ಟು ‘ಪಟ್ಟದಕಲ್’ 10ರಲ್ಲಿ ಬರುತ್ತದೆ, ಕೂಡಲಸಂಗಮ 13. ಯಾವುದನ್ನು ಸೂಚಿಸುವ ಮೊದಲೂ ಮೈನರ್ ಪ್ಲಾನೆಟ್ ಸೆಂಟರ್‌ನ ಹೆಸರುಗಳ ಪಟ್ಟಿಯಲ್ಲಿ ಹುಡುಕಿ ನೋಡಿ. ಸುಮಾರು 25 ಸಾವಿರ ಹೆಸರಿವೆ, ಹತ್ತಿರದ ಉಚ್ಚಾರ ಇದ್ದರೂ ತೊಡಕು.

ಒಂದು ಎಚ್ಚರಿಕೆ. ನಿಮ್ಮ ಚಿತ್ರ ಪ್ಯಾನ್-ಸ್ಟಾರ್ಸ್‌ನದ್ದು. ಅಧಿಕೃತ ದಾಖಲೆಯಲ್ಲಿ ಶೋಧ ದೂರದರ್ಶಕದ ಸಮೀಕ್ಷೆಯ ಹೆಸರಲ್ಲಿರುತ್ತದೆ. ಹುಡುಗಿಯರ ಹೆಸರು ಎಲ್ಲಿ ನಮೂದಾಗುತ್ತದೆ, ನಾಮಕರಣದ ಸೂಚನೆ ಯಾರ ಮೂಲಕ ಹೋಗಬೇಕು ಎಂದು ಅಭಿಯಾನದವರಿಂದ ಬರಹದಲ್ಲಿ ಕೇಳಿ ಪಡೆದುಕೊಳ್ಳಿ. ನೇರ ಅರ್ಜಿ ಹಾಕಿದರೆ ಯಾರೂ ತೆಗೆದುಕೊಳ್ಳುವುದಿಲ್ಲ.

ಗುಮ್ಮಟದ ಗೂಗೆ
ತಾತ್ಕಾಲಿಕ ಗುರುತನ್ನು ಓದುವುದನ್ನೂ ಮಕ್ಕಳಿಗೆ ಕಲಿಸಿ, ಮಜಾ ಇದೆ. ಜಸರಾಜರ ಕಾಯದ ಗುರುತು 2006 ವಿಪಿ32. ವರ್ಷದ ನಂತರದ ಮೊದಲ ಅಕ್ಷರ ಅರ್ಧ ತಿಂಗಳದ್ದು. ರೋಮನ್ ವರ್ಣಮಾಲೆಯಲ್ಲಿ ‘ಐ’ ಬಿಟ್ಟು, ‘ಝಡ್’ ಬಳಸದೆ 24 ಪಕ್ಷ. ‘ವಿ’ ಎಂದರೆ ನವೆಂಬರ್ 1ರಿಂದ 15. ಎರಡನೆಯ ಅಕ್ಷರ ಆ ಪಕ್ಷದ ಕ್ರಮಸಂಖ್ಯೆ, ‘ಐ’ ಬಿಟ್ಟು 25 ಅಕ್ಷರ, ‘ಪಿ’ 15ನೆಯದು. ಮುಂದಿನ 32 ಎಂದರೆ 25ರ ಸುತ್ತು 32 ಸಲ ಮುಗಿದಿದೆ. 32×25+15, ಆ ಹದಿನೈದು ದಿನದ 815ನೆಯ ಕಾಯ.

ಇದಕ್ಕೆ 1988ರ ‘ಡಿಕ್ಯೂ1’ ಹೋಲಿಸಿ. ಫೆಬ್ರವರಿ ಎರಡನೆಯ ಪಕ್ಷ, 25+16, ಬರೀ 41ನೆಯದು. ಅದು ಕಾವಲೂರಿನ 45 ಸೆಂಮೀ ಶ್ಮಿಟ್ ದೂರದರ್ಶಕದಲ್ಲಿ ಆರ್. ರಾಜಮೋಹನ್ ಕಂಡುಹಿಡಿದ 4130 ರಾಮಾನುಜನ್. ಅದಕ್ಕೂ ಹಿಂದೆ ಭಾರತದಿಂದ ಸಿಕ್ಕವು ಮದ್ರಾಸ್ ವೀಕ್ಷಣಾಲಯದ ಪೋಗ್ಸನ್‌ನವು: 1861ರಲ್ಲಿ 67 ಏಷ್ಯಾ, 1864ರಲ್ಲಿ ಸ್ಯಾಫೋ, 1866ರಲ್ಲಿ ಸಿಲ್ವಿಯಾ, 1868ರಲ್ಲಿ ಕ್ಯಾಮಿಲ್ಲಾ, 1885ರಲ್ಲಿ ವೇರಾ. ಏಷ್ಯಾ ಖಂಡದಿಂದ ಸಿಕ್ಕ ಮೊದಲನೆಯದಕ್ಕೆ ಏಷ್ಯಾ ಎಂದೇ ಹೆಸರು.

ಐಹೊಳೆ ಮೆಟ್ಟಿಲು
8 ಇಂಚಿನ ಪ್ರಶ್ನೆಗೆ ಯಾರೂ ಬರಲಿಲ್ಲ. ನೇರ ಉತ್ತರ: 20.4 ನಿಮ್ಮ ಕೈಗೆ ಸಿಗುವುದಿಲ್ಲ.

8 ಇಂಚು, 1000 ಮಿಮೀ ನಾಭಿದೂರದ ನ್ಯೂಟೋನಿಯನ್, 3.76 ಮೈಕ್ರಾನ್ ಪಿಕ್ಸೆಲ್ ಕ್ಯಾಮೆರಾ ಎಂದುಕೊಳ್ಳಿ. ಪಿಕ್ಸೆಲಿಗೆ 0.78 ಆರ್ಕ್‌ಸೆಕೆಂಡ್. ನಮ್ಮ ಗಾಳಿಯಲ್ಲಿ ನಕ್ಷತ್ರ 3 ಆರ್ಕ್‌ಸೆಕೆಂಡ್ ಅಗಲ ಹರಡುತ್ತದೆ, ಹಾಗಾಗಿ 2×2 ಬಿನ್ ಮಾಡಿ (ನಾಲ್ಕು ಪಿಕ್ಸೆಲ್ ಕೂಡಿಸಿ ಒಂದು) 1.55ಕ್ಕೆ ತಂದರೆ ನಷ್ಟವಿಲ್ಲ. ಕತ್ತಲ ಜಾಗದಲ್ಲಿ 60 ಸೆಕೆಂಡಿನ ಒಂದು ಚಿತ್ರ 17ರ ಸುಮಾರು ಮುಟ್ಟುತ್ತದೆ. 60 ಚಿತ್ರಗಳನ್ನು ಕಾಯದ ಚಲನೆಗೆ ಸರಿಯಾಗಿ ಸರಿಸಿ ಪೇರಿಸಿದರೆ √60 ಲಾಭ, ಅಂದರೆ 2.2 ಮ್ಯಾಗ್ನಿಟ್ಯೂಡ್. 19ರ ಹತ್ತಿರ ನಿಲ್ಲುತ್ತದೆ. ಇದಕ್ಕೆ ಟೈಕೋ ಟ್ರ್ಯಾಕರ್ ತಂತ್ರಾಂಶ ಒಳ್ಳೆಯದು. ಒಂದೇ ಉದ್ದನೆಯ ಎಕ್ಸ್‌ಪೋಷರ್ ಬೇಡ. ನಿಮಿಷಕ್ಕೆ 0.57 ಆರ್ಕ್‌ಸೆಕೆಂಡ್ ಸರಿಯುತ್ತದೆ, ಐದು ನಿಮಿಷ ದಾಟಿದರೆ ಚುಕ್ಕಿ ಗೆರೆಯಾಗುತ್ತದೆ.

ಹಾಗಂತ ದುರ್ಬೀನು ಅಟ್ಟಕ್ಕೆ ಹಾಕಬೇಡಿ. 15ರಿಂದ 17ರ ನಡುವಿನ, ಸಂಖ್ಯೆ ಸಿಕ್ಕ ಕ್ಷುದ್ರಗ್ರಹಗಳನ್ನು ಅಳೆದು ಮೈನರ್ ಪ್ಲಾನೆಟ್ ಸೆಂಟರ್‌ನಿಂದ ವೀಕ್ಷಣಾಲಯ ಕೋಡ್ (ನಿಮ್ಮ ವೀಕ್ಷಣಾ ಜಾಗದ ಗುರುತು) ಪಡೆಯಿರಿ. ನಾಲ್ಕೈದು ಕಾಯ, ಒಂದೊಂದಕ್ಕೂ ಎರಡು ರಾತ್ರಿ, ರಾತ್ರಿಗೆ ಮೂರರಿಂದ ಐದು ಸ್ಥಾನ. ನಕ್ಷತ್ರಪಟ್ಟಿ ಗಾಯಾ ನೌಕೆಯದ್ದೇ ಇರಲಿ. ಕೋಡ್ ಬರುವವರೆಗೆ ಕೋಡಿನ ಜಾಗದಲ್ಲಿ ಮೂರು ‘ಎಕ್ಸ್’ ಹಾಕಿ ಎಡಿಇಎಸ್ ಎಂಬ ವರದಿ ನಮೂನೆಯಲ್ಲಿ ಕಳಿಸಬೇಕು. ಅಳತೆಯ ಶೇಷ (ಅಳೆದ ಜಾಗಕ್ಕೂ ಲೆಕ್ಕದ ಜಾಗಕ್ಕೂ ಇರುವ ವ್ಯತ್ಯಾಸ) 1 ಆರ್ಕ್‌ಸೆಕೆಂಡ್ ಒಳಗೆ ಬರಬೇಕು, 0.5 ಬಂದರೆ ಚೆನ್ನ.

ಕಕ್ಷೆಗಣಿತ
ಅಲ್ಲಿ ಎಲ್ಲರೂ ಎಡವುವ ಕಲ್ಲು ಸಮಯ. ಲ್ಯಾಪ್‌ಟಾಪ್ ಐಎಸ್‌ಟಿಯಲ್ಲಿದ್ದು, ಕ್ಯಾಮೆರಾ ತಂತ್ರಾಂಶ ಅದನ್ನೇ ಯುಟಿಸಿ ಎಂದು ಚಿತ್ರದ ಶಿರೋಲೇಖದಲ್ಲಿ ಬರೆದುಬಿಟ್ಟರೆ ಐದೂವರೆ ತಾಸು ತಪ್ಪು. ತಾಸಿಗೆ 34ರಂತೆ 187 ಆರ್ಕ್‌ಸೆಕೆಂಡ್, ಮೂರು ಆರ್ಕ್‌ಮಿನಿಟ್ ದಾಟಿತು. ಇದು ದೊಡ್ಡ ತಪ್ಪು, ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಕಾಣದೆ ಕಾಡುವುದು ಸಣ್ಣದು: ಎಕ್ಸ್‌ಪೋಷರ್‌ನ ನಡುವಿನ ಹೊತ್ತು ಕೊಡುವ ಬದಲು ಆರಂಭದ ಹೊತ್ತು ಕೊಟ್ಟರೆ 60 ಸೆಕೆಂಡಿನ ಚಿತ್ರಕ್ಕೆ 0.28 ಆರ್ಕ್‌ಸೆಕೆಂಡ್ ದೋಷ, ಪ್ರತಿ ಅಳತೆಯಲ್ಲೂ ಒಂದೇ ದಿಕ್ಕಿಗೆ. ಎಲ್ಲ ಶೇಷಗಳೂ ಕಾಯ ಚಲಿಸುವ ದಿಕ್ಕಿನ ಗುಂಟವೇ ಸಾಲುಗಟ್ಟಿದ್ದರೆ ಗಡಿಯಾರ ನೋಡಿ, ದುರ್ಬೀನನ್ನಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಎನ್‌ಟಿಪಿ ಎಂಬ ಅಂತರ್ಜಾಲ ಸಮಯ ಸೇವೆಯಿಂದ ಗಡಿಯಾರ ಹೊಂದಿಸಿಕೊಂಡೇ ಶುರುಮಾಡಿ.

ಗುಮ್ಮಟದ ಗೂಗೆ
ದುರ್ಬೀನು ಹೊತ್ತು ತಿರುಗಿಸುವ ಮೌಂಟ್ ಬಗ್ಗೆಯೂ ಹೇಳಬೇಕು. ಅದರ ಅಕ್ಷ ಧ್ರುವಕ್ಕೆ ಮುಖ ಮಾಡಿರಬೇಕು, ಅದರ ಎತ್ತರ ಊರಿನ ಅಕ್ಷಾಂಶದಷ್ಟು. ಬೆಳಗಾವಿ 15.85 ಡಿಗ್ರಿ, ಬಾಗಲಕೋಟೆ 16.2, ವಿಜಯಪುರ 16.8. ಧ್ರುವ ನಕ್ಷತ್ರ ಅಷ್ಟೇ ಎತ್ತರದಲ್ಲಿರುವುದು. ಪಕ್ಕದ ಮನೆಯ ನೀರಿನ ಟಾಕಿ ಸಾಕು ಅದನ್ನು ಮುಚ್ಚಲಿಕ್ಕೆ. ಯುರೋಪಿನ ಅಕ್ಷಾಂಶಕ್ಕೆ ಮಾಡಿದ ಕೆಲವು ಮೌಂಟ್‌ಗಳ ಬೋಲ್ಟ್ 20 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ, ಇಳಿದರೆ ತೂಕದ ಕಂಬಿ ಟ್ರೈಪಾಡ್ ಕಾಲಿಗೆ ತಾಗುತ್ತದೆ. ಉತ್ತರದ ಕಾಲಿನ ಕೆಳಗೆ ಕಲ್ಲಿಟ್ಟು ಓರೆ ಮಾಡುವವರಿದ್ದಾರೆ, ನಡುರಾತ್ರಿ ಅದು ಜಾರಿದರೆ ಕನ್ನಡಿ ಹೋಯಿತು. ಕಂಬ ಕಟ್ಟಿಸಿ ಮೇಲೆ ಓರೆ ತಟ್ಟೆ ಕೂರಿಸುವುದೇ ಸರಿ. ಧ್ರುವ ಕಾಣದ ಕಡೆ ಡ್ರಿಫ್ಟ್ (ನಕ್ಷತ್ರ ಸರಿಯುವುದನ್ನು ನೋಡಿ) ಅಥವಾ ಪ್ಲೇಟ್-ಸಾಲ್ವ್ (ಚಿತ್ರದ ನಕ್ಷತ್ರಗಳನ್ನು ತಂತ್ರಾಂಶದಿಂದ ಗುರುತಿಸಿ) ಹೊಂದಾಣಿಕೆ.

ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿನ ಸುತ್ತ, ಖಾನಾಪುರದ ಕಡೆ ಎರಡು ಗಂಟೆಯ ನಂತರ ಇಬ್ಬನಿ. ಡ್ಯೂ ಹೀಟರ್ ಇಲ್ಲದಿದ್ದರೆ ಚಿತ್ರ ಮಸುಕಾಗುತ್ತಾ ಹೋಗುತ್ತದೆ, ‘ಕಾಯ ಮಂಕಾಯಿತು’ ಎಂದು ಹುಡುಗರು ಬರೆದುಕೊಳ್ಳುತ್ತಾರೆ. ಮುಧೋಳ, ಜಮಖಂಡಿ ಕಡೆಯವರಿಗೆ ಕಬ್ಬು ನುರಿಸುವ ಹಂಗಾಮಿನ ಹೊಗೆಯ ಪರದೆ ಬೇರೆ.

ಘಟಪ್ರಭಾ ದಂಡೆ
ಎಷ್ಟ ವರ್ಷ ಕಾಯಬೇಕು ಅನ್ನೂದು ಒಂದ ಉಳೀತು.

ಕಕ್ಷೆಗಣಿತ
ಸಾಮಾನ್ಯವಾಗಿ ನಾಲ್ಕು ಸುತ್ತು, ಅಂದರೆ ನಾಲ್ಕು ಸಲ ಸೂರ್ಯನ ಎದುರು ಬಂದಾಗಿನ ಅಳತೆ ಬೇಕು. 2.7 ಖಗೋಳಮಾನಕ್ಕೆ ಕೆಪ್ಲರ್‌ನ ಮೂರನೆಯ ನಿಯಮದಂತೆ ಸುತ್ತುವ ಕಾಲ 4.44 ವರ್ಷ. ಭೂಮಿ ಮತ್ತೆ ಅದರ ಎದುರು ಬರಲು 471 ದಿನ, ಹದಿನೈದೂವರೆ ತಿಂಗಳು. ಉದಾಹರಣೆಗೆ ಮೊದಲನೆಯದು 2024ರ ಜನವರಿ ಮಧ್ಯದಲ್ಲಿದ್ದರೆ ಮುಂದಿನವು 2025ರ ಏಪ್ರಿಲ್ ಕೊನೆ, 2026ರ ಆಗಸ್ಟ್ ಮಧ್ಯ, 2027ರ ನವೆಂಬರ್ ಕೊನೆ. ಮೂರನೆಯದು ನಮ್ಮ ಮಳೆಗಾಲಕ್ಕೆ ಸಿಕ್ಕಿಬಿತ್ತು, ಬೆಳಗಾವಿಯವರು ಛತ್ರಿ ಹಿಡಿದು ಕೂಡುವುದೇ. ಬೇರೆ ಕಡೆಯ ಸಮೀಕ್ಷೆಗಳು ಅಳೆಯುತ್ತವೆ. ಹಳೆಯ ಚಿತ್ರಗಳಲ್ಲಿ ಗಮನಿಸದೆ ಬಿಟ್ಟ ಅದೇ ಕಾಯ ಸಿಕ್ಕರೆ ಕಾಯುವ ಕಾಲ ಕಡಿಮೆಯಾಗುತ್ತದೆ.

ಮೊದಲ ಸುತ್ತಿನಲ್ಲಿ ಎಷ್ಟು ದಿನ ಹಿಂಬಾಲಿಸಿದಿರಿ ಎಂಬುದು ಮುಖ್ಯ. ಅರೆ ದೀರ್ಘಾಕ್ಷದಲ್ಲಿ 0.01 ಖಗೋಳಮಾನ ತಪ್ಪಿದ್ದರೆ ಸರಾಸರಿ ಚಲನೆ ಶೇ 0.56 ತಪ್ಪುತ್ತದೆ. 471 ದಿನದಲ್ಲಿ ಅದು ಸೂರ್ಯನಿಂದ ನೋಡಿದರೆ 0.58 ಡಿಗ್ರಿ, ಭೂಮಿಯಿಂದ 0.9 ಡಿಗ್ರಿ. ಹುಣ್ಣಿಮೆ ಚಂದ್ರನ ಎರಡು ಅಗಲದಷ್ಟು ಪಕ್ಕದಲ್ಲಿ ಹುಡುಕುತ್ತಿರುತ್ತೀರಿ. ಒಂದು ವಾರದ ಅಳತೆಯ ಕಕ್ಷೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪಿರಬಹುದು, ಎರಡು ತಿಂಗಳ ಅಳತೆ ಇದ್ದರೆ ಅದು ಬಹಳ ಕುಗ್ಗುತ್ತದೆ.

ಡೋಣಿ ಸಾಲು
ಚಿಲಿಯ ರೂಬಿನ್ ವೀಕ್ಷಣಾಲಯ 2025ರ ಜೂನಿನ್ಯಾಗ ಮೊದಲ ಚಿತ್ರ ಬಿಟ್ಟಾಗ, ಹತ್ತು ತಾಸಿನ ವೀಕ್ಷಣೆಯಾಗ 2104 ಹೊಸಾ ಕ್ಷುದ್ರಗ್ರಹ ಅಂದ್ರು. ಹಿಂಗ ಆದ್ರ ಹುಡುಗ್ಯಾರು ಹುಡುಕೂದು ಏನು ಉಳೀತು?

ಐಹೊಳೆ ಮೆಟ್ಟಿಲು
ಹುಡುಕುವುದು ಕಡಿಮೆಯಾಗುತ್ತದೆ, ಒಪ್ಪಿದೆ. ಉಳಿಯುವುದು ಹೊಳಪಿನ ಏರಿಳಿತ: 14, 15ರ ಕಾಯವೊಂದನ್ನು ರಾತ್ರಿಯಿಡೀ, ಮೂರು ನಾಲ್ಕು ರಾತ್ರಿ ಬೆನ್ನು ಹತ್ತಿ, ಅದು ತನ್ನ ಸುತ್ತ ಎಷ್ಟು ತಾಸಿಗೆ ತಿರುಗುತ್ತದೆ ಎಂದು ಅಳೆಯುವುದು. ಸಮೀಕ್ಷೆಯ ದೂರದರ್ಶಕ ಒಂದೇ ಕಾಯದ ಮೇಲೆ ರಾತ್ರಿಯಿಡೀ ಕೂರುವುದಿಲ್ಲ, 8 ಇಂಚು ಕೂರುತ್ತದೆ. ಸೋಸುಕ (ಫಿಲ್ಟರ್) ಬೇಡ, ಪ್ರತಿ ಅಳತೆಯ ದೋಷ 0.02 ಮ್ಯಾಗ್ನಿಟ್ಯೂಡ್ ಒಳಗಿರಲಿ, ಹೋಲಿಕೆ ನಕ್ಷತ್ರಗಳು ಸೂರ್ಯನ ಬಣ್ಣದವೇ ಆಗಿರಲಿ. ಏರಿಳಿತದಲ್ಲಿ ಎರಡು ಗುಡ್ಡ ಕಂಡರೆ ಒಂದು ಸುತ್ತು ಎಂದು ಹಿಡಿಯಿರಿ. ಉದ್ದನೆಯ ಕಲ್ಲು ಒಂದು ಸುತ್ತಿಗೆ ಎರಡು ಸಲ ಅಗಲ ಮೈ ತೋರಿಸುತ್ತದೆ. ಒಂದೇ ಗುಡ್ಡ ಎಣಿಸಿದರೆ ಅವಧಿ ಅರ್ಧಕ್ಕೆ ಇಳಿಯುತ್ತದೆ.

ಘಟಪ್ರಭಾ ದಂಡೆ
ಬ್ಯಾನರ್ ಬದಲಿಸೀವ್ರಿ: ‘ಕ್ಷುದ್ರಗ್ರಹ ಪ್ರಾಥಮಿಕ ಪತ್ತೆ, ಎರಡನೆಯ ರಾತ್ರಿಯ ಅಳತೆ ಬಾಕಿ.’ ಪ್ರಿಂಟ್ ಮಾಡಾವ ‘ಇದೇನ್ರಿ, ಕರೆಂಟ್ ಬಿಲ್ ಬಾಕಿ ಇದ್ದಂಗ ಐತಿ’ ಅಂದ. ಅಭಿಯಾನದವರಿಗೆ ಗುರುತು ಕೇಳಿ ಪತ್ರ ಬರದೀವಿ. ಮೌಂಟ್ ಬೋಲ್ಟ್ ನೋಡಿದ್ವಿ, 18ಕ್ಕ ನಿಂತೈತಿ. ಓರೆ ತಟ್ಟಿಯ ಅಳತಿ ಯಾರ ಕಡೆ ಐತಿ?

ಗುಮ್ಮಟದ ಗೂಗೆ
ನಿಮ್ಮೂರು 16.2. ಕೊರತೆ 1.8 ಡಿಗ್ರಿ, ಹೊಂದಾಣಿಕೆಗೆ ಜಾಗ ಬಿಟ್ಟು 4 ಡಿಗ್ರಿ ಓರೆ ಇಡಿ. 200 ಮಿಮೀ ಉದ್ದದ ತಟ್ಟೆಗೆ ಒಂದು ತುದಿ 14 ಮಿಮೀ ಎತ್ತರ. 10 ಮಿಮೀ ದಪ್ಪದ ಉಕ್ಕಿನ ತಟ್ಟೆ ಸಾಕು. ಎತ್ತರದ ತುದಿ ಉತ್ತರಕ್ಕಲ್ಲ, ದಕ್ಷಿಣಕ್ಕೆ ಇರಲಿ. ಮೇಲೆ ಹೇಳಿದ ಕಲ್ಲೂ ಹಾಗೆಯೇ, ದಕ್ಷಿಣದ ಕಾಲಿನ ಕೆಳಗೆ ಬರಬೇಕು. ಉತ್ತರ ಎಂದು ಬರೆದದ್ದು ನನ್ನದೇ ತಪ್ಪು.